ಹಣೆಯ ಚರ್ಮದಿಂದ ಮೂಗು: ಫೋರ್‌ಹೆಡ್ ಫ್ಲ್ಯಾಪ್ ಅರ್ಥ ಮಾಡಿಕೊಳ್ಳುವ ಬಗೆ

ಮೂಗಿನ ಪುನರ್ರಚನೆಯ ಅಧ್ಯಾಯ ತೆರೆದರೆ ಫ್ಲ್ಯಾಪ್‌ಗಳ ಹೆಸರೇ ಹತ್ತಾರು. ಒಂದು ತುದಿ ಮೈಗೆ ಅಂಟಿಕೊಂಡಿರುವಂತೆಯೇ ಎಬ್ಬಿಸಿ ಬೇರೆಡೆ ಕೂರಿಸುವ ಚರ್ಮವೇ ಫ್ಲ್ಯಾಪ್. ಎಲ್ಲವನ್ನೂ ಬಾಯಿಪಾಠ ಮಾಡಹೊರಟರೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಹಣೆಯ ಫ್ಲ್ಯಾಪ್ ಒಂದನ್ನೇ ಬುಡದಿಂದ ತಿಳಿದುಕೊಂಡರೆ ಉಳಿದವು ಸಲೀಸು. ಪ್ರತಿ ಹಂತದಲ್ಲೂ ಎರಡೇ ಪ್ರಶ್ನೆ ಕೇಳಿಕೊಳ್ಳಿ: ಈ ಚರ್ಮಕ್ಕೆ ರಕ್ತ ಎಲ್ಲಿಂದ ಬರುತ್ತಿದೆ? ಗಾಯ ಮಾಗುತ್ತಾ ಹೋದಂತೆ ಇದು ಕುಗ್ಗದ ಹಾಗೆ ಹಿಡಿದಿಡುವುದು ಯಾವುದು?

ಗ್ರಾಫ್ಟ್ ಮತ್ತು ಫ್ಲ್ಯಾಪ್ ನಡುವಿನ ವ್ಯತ್ಯಾಸ ಇಲ್ಲೇ ಇದೆ. ಗ್ರಾಫ್ಟ್, ಅಂದರೆ ಪೂರ್ತಿ ಕತ್ತರಿಸಿ ತಂದ ಚರ್ಮದ ತುಂಡು, ತನ್ನ ರಕ್ತನಾಳಗಳನ್ನೆಲ್ಲ ಕಳೆದುಕೊಂಡು ಬರುತ್ತದೆ. ಕೂರಿಸಿದ ಜಾಗದಲ್ಲಿ ರಕ್ತಸಂಚಾರ ಚೆನ್ನಾಗಿದ್ದರೆ ಮಾತ್ರ ಉಳಿಯುತ್ತದೆ. ಫ್ಲ್ಯಾಪ್ ತನ್ನ ರಕ್ತವನ್ನು ತಾನೇ ತರುತ್ತದೆ. ಮೂಗಿನ ತುದಿಯ ಚರ್ಮ ಹೋಗಿ ಬರೀ ಕಾರ್ಟಿಲೇಜ್ (ಮೃದ್ವಸ್ಥಿ) ಕಾಣುತ್ತಿದ್ದರೆ, ಅದರ ಮೇಲೆ ಗ್ರಾಫ್ಟ್ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅಲ್ಲಿ ಫ್ಲ್ಯಾಪೇ ಬೇಕು. ಬಣ್ಣ, ದಪ್ಪ, ಹದ ಮೂರರಲ್ಲೂ ಮೂಗಿಗೆ ತೀರಾ ಹತ್ತಿರದ್ದು ಹಣೆಯ ಚರ್ಮ.

ಇಲ್ಲಿ ಒಂದು ಇತಿಹಾಸ ತಿಳಿದಿರಲೇಬೇಕು, ಅದರ ಒಂದು ತುದಿ ನಮ್ಮ ಶ್ರೀರಂಗಪಟ್ಟಣದಲ್ಲಿದೆ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಬಿ.ಎಲ್. ಎಂಬ ಸಹಿಯ ಪತ್ರವೊಂದು ಅಚ್ಚಾಯಿತು. ಕವಾಸ್‌ಜಿ ಎಂಬ ಮರಾಠಾ ರೈತ 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ. ಪತ್ರದ ಪ್ರಕಾರ, ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಾಗ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಬಳಿ ಬಾಂಬೆ ಸೇನೆಗೆ ಬಂದು ಸೇರಿಕೊಂಡ. ವರ್ಷಕ್ಕೂ ಮೇಲೆ ಮೂಗಿಲ್ಲದೆ ಕಳೆದವನಿಗೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ಹೊಸ ಮೂಗು ಕೂರಿಸಿಕೊಟ್ಟ. ಆ ಶಸ್ತ್ರಕಾರನ ಹೆಸರನ್ನು ಪತ್ರ ಬರೆದವರು ದಾಖಲಿಸಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಅವನು ಮಾಡಿದ್ದನ್ನು ನಿಧಾನವಾಗಿ ಓದಿ. ಉಳಿದ ಮೂಗಿನ ಬುಡಕ್ಕೆ ತೆಳು ಮೇಣದ ಹಾಳೆ ಒತ್ತಿ ಮೂಗಿನ ಆಕಾರ ತೆಗೆದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯಷ್ಟು ಚರ್ಮ ಎಬ್ಬಿಸಿದ, ಆದರೆ ಎರಡು ಕಣ್ಣುಗಳ ನಡುವಿನ ಸಣ್ಣ ಪಟ್ಟಿಯನ್ನು ಕತ್ತರಿಸಲಿಲ್ಲ. ಚರ್ಮವನ್ನು ತಿರುಗಿಸಿ ಕೆಳಗಿಳಿಸಿ ಮೂಗಿನ ಅಂಚಿನಲ್ಲಿ ಮಾಡಿದ ಗಾಯದೊಳಗೆ ಸೇರಿಸಿದ. ನೀರಿನಲ್ಲಿ ಮೆತ್ತಗೆ ಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಐದಾರು ಪದರ ಅಂಟಿಸಿದ. ನಾಲ್ಕು ದಿನ ಅದೇ ಡ್ರೆಸಿಂಗ್, ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೇ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆ ಬಟ್ಟೆಯ ಚೂರು ತುರುಕಿದ. ಸುಮಾರು 25ನೇ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಬೇರ್ಪಡಿಸಿದ.

ನಮ್ಮ ಮೊದಲ ಪ್ರಶ್ನೆಗೆ ಇಲ್ಲಿ ಪೂರ್ತಿ ಉತ್ತರವಿದೆ. ಆ ಸಣ್ಣ ಪಟ್ಟಿಯೇ ಪೆಡಿಕಲ್. ಅದರೊಳಗೆ ಓಡುವುದು ಸುಪ್ರಾಟ್ರೋಕ್ಲಿಯರ್ ಆರ್ಟರಿ (ಅಪಧಮನಿ), ಕಣ್ಣಿಗೆ ರಕ್ತ ಒಯ್ಯುವ ಆಫ್ತಾಲ್ಮಿಕ್ ಆರ್ಟರಿಯ ಕವಲು. ಹುಬ್ಬಿನ ಒಳತುದಿಯ ಹತ್ತಿರ, ನಡುಗೆರೆಯಿಂದ ಸುಮಾರು 1.7ರಿಂದ 2.2 ಸೆಂ.ಮೀ. ಪಕ್ಕದಲ್ಲಿ ಕಣ್ಣಿನ ಗೂಡಿನಿಂದ ಹೊರಬರುತ್ತದೆ. ಅಲ್ಲಿ ಅದು ಸ್ನಾಯುವಿನ ಅಡಿಯಲ್ಲಿದೆ; ಮೇಲೇರುತ್ತಾ ಸ್ನಾಯುವನ್ನು ದಾಟಿ ಚರ್ಮದ ಹತ್ತಿರಕ್ಕೆ ಬರುತ್ತದೆ. ಈ ಒಂದು ವಾಕ್ಯ ನೆನಪಿದ್ದರೆ ಶಸ್ತ್ರಕ್ರಿಯೆ ತಾನಾಗಿ ಅರ್ಥವಾಗುತ್ತದೆ. ಫ್ಲ್ಯಾಪಿನ ಮೇಲ್ತುದಿಯಲ್ಲಿ ಫ್ರಂಟಾಲಿಸ್ ಸ್ನಾಯುವನ್ನೂ ಕೊಬ್ಬನ್ನೂ ತೆಗೆದು ತೆಳುವಾಗಿಸಬಹುದು, ಏಕೆಂದರೆ ನಾಳ ಅದಕ್ಕಿಂತ ಮೇಲಿದೆ. ಹುಬ್ಬಿನ ಸಮೀಪ ಬಂದಾಗ ಮಾತ್ರ ಪೆರಿಯಾಸ್ಟಿಯಮ್ಮಿನ (ಮೂಳೆಯ ಮೇಲಿನ ಪೊರೆ) ಕೆಳಕ್ಕೆ ಇಳಿಯಬೇಕು, ಇಲ್ಲವಾದರೆ ನಾಳಕ್ಕೇ ಕತ್ತರಿ ಬೀಳುತ್ತದೆ. ಪೆಡಿಕಲ್ ಅಗಲ 1.2ರಿಂದ 1.5 ಸೆಂ.ಮೀ. ಸಾಕು. ಹೆಚ್ಚು ಅಗಲವಾದರೆ ಹೆಚ್ಚು ಸುರಕ್ಷಿತ ಎನಿಸುತ್ತದೆ, ಆದರೆ ಅಗಲದ ಪೆಡಿಕಲ್ ತಿರುಗುವಾಗ ಮುರುಟಿಕೊಂಡು ರಕ್ತವನ್ನೇ ತಡೆಯುತ್ತದೆ.

ಒಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ಸುಶ್ರುತ ಸಂಹಿತೆಯಲ್ಲಿ ಹೇಳಿರುವುದು ಕೆನ್ನೆಯ ಚರ್ಮ, ಹಣೆಯದಲ್ಲ. ಎಲೆಯಿಂದ ಅಳತೆ ತೆಗೆಯುವುದು, ಉಸಿರಾಟಕ್ಕೆ ಎರಡು ಕೊಳವೆ ಇಡುವುದು ಅಲ್ಲಿದೆ. ಇಟಲಿಯ ತಾಲ್ಯಾಕೊಟ್ಸಿ 1597ರಲ್ಲಿ ವಿವರಿಸಿದ್ದು ತೋಳಿನ ಚರ್ಮ. ಹಣೆಯ ಪದ್ಧತಿ ಯುರೋಪಿಗೆ ಹೋದದ್ದು ಕವಾಸ್‌ಜಿಯ ಪತ್ರದ ಮೂಲಕ: ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಮಾಡಿ, 1816ರಲ್ಲಿ ಪ್ರಕಟಿಸಿದ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಈ ನಾಲ್ಕನ್ನು ಕಲಸಿ ಹೇಳುವವರೇ ಹೆಚ್ಚು.

ಎರಡನೇ ಪ್ರಶ್ನೆಗೆ ಬರೋಣ. ಪುಣೆಯ ಮೂಗಿಗೆ ಹೊದಿಕೆ ಇತ್ತು. ಒಳಪದರವಾಗಲಿ ಚೌಕಟ್ಟಾಗಲಿ ಇದ್ದ ಬಗ್ಗೆ ಪತ್ರದಲ್ಲಿ ಮಾತಿಲ್ಲ. ಒಳಬದಿ ಹಸಿಗಾಯವಾಗಿ ಉಳಿದರೆ ಅದು ಮಾಗುತ್ತಾ ಚರ್ಮವನ್ನು ಒಳಕ್ಕೆ ಎಳೆಯುತ್ತದೆ. ಹತ್ತನೇ ದಿನದ ಬಟ್ಟೆಚೂರು ಆ ಎಳೆತದ ವಿರುದ್ಧದ ಹೋರಾಟ. ಇಂದು ನಾವು ಮೂಗನ್ನು ಮೂರು ಪದರವಾಗಿ ಕಟ್ಟುತ್ತೇವೆ: ಒಳಗೆ ಲೈನಿಂಗ್, ನಡುವೆ ಕಾರ್ಟಿಲೇಜ್, ಹೊರಗೆ ಹಣೆಯ ಚರ್ಮ. ಕಾರ್ಟಿಲೇಜ್ ಮೂಗಿನ ನಡುಗೋಡೆಯಾದ ಸೆಪ್ಟಮ್‌ನಿಂದ, ಕಿವಿಯಿಂದ ಅಥವಾ ಪಕ್ಕೆಲುಬಿನಿಂದ ಬರುತ್ತದೆ. ಹೊಳ್ಳೆಯ ಅಂಚಿನಲ್ಲಿ ಹುಟ್ಟಾ ಕಾರ್ಟಿಲೇಜ್ ಇರುವುದಿಲ್ಲ, ಆದರೂ ಪುನರ್ರಚನೆಯಲ್ಲಿ ಅಲ್ಲಿ ಇಡಲೇಬೇಕು. ಇಡದಿದ್ದರೆ ಅಂಚು ಮೇಲಕ್ಕೆ ಸರಿಯುತ್ತದೆ, ಉಸಿರೆಳೆದಾಗ ಒಳಕ್ಕೆ ಕುಸಿಯುತ್ತದೆ. ನನ್ನ ಮಟ್ಟಿಗೆ ಈ ಅಧ್ಯಾಯದ ಅತಿ ಮುಖ್ಯ ಅಂಶ ಇದೇ. ಹೊದಿಕೆ ಎಷ್ಟೇ ಚೆಂದ ಕೂತರೂ, ಒಳಪದರ ಸೋತರೆ ಮೂಗು ಸೋತಂತೆ.

ಗುರುತು ಹಾಕುವುದನ್ನು ಆಪರೇಷನ್ ಥಿಯೇಟರಿನಲ್ಲಿ ಹತ್ತಿರ ನಿಂತು ನೋಡಿ. ಹೊಲಿಗೆ ದಾರದ ಪ್ಯಾಕೆಟ್ಟಿನ ಫಾಯಿಲನ್ನು ಸರಿಯಿರುವ ಬದಿಗೆ ಒತ್ತಿ ಅಚ್ಚು ತೆಗೆದು, ಮಗುಚಿ ಇನ್ನೊಂದು ಬದಿಗೆ ಹೊಂದಿಸುತ್ತಾರೆ. ಮೇಣದ ಹಾಳೆಯ ಕೆಲಸವನ್ನೇ ಈಗ ಫಾಯಿಲ್ ಮಾಡುತ್ತದೆ. ಗಾಯದ ಅಳತೆ ನಂಬಬಾರದು, ಅದು ಊದಿರುತ್ತದೆ ಅಥವಾ ಕುಗ್ಗಿರುತ್ತದೆ. ಉದ್ದಕ್ಕೆ ಗಾಜ್ ಪಟ್ಟಿಯ ಒಂದು ತುದಿಯನ್ನು ಹುಬ್ಬಿನ ಬಳಿ ಬೆರಳಿನಿಂದ ಒತ್ತಿ, ಇನ್ನೊಂದನ್ನು ಗಾಯದ ದೂರದ ಅಂಚಿಗೆ ಮುಟ್ಟಿಸಿ, ಹಾಗೆಯೇ ಹಣೆಯ ಕಡೆ ತಿರುಗಿಸಿ ನೋಡುತ್ತಾರೆ. ತುದಿ ಕೂದಲಿನೊಳಕ್ಕೆ ಹೋದರೆ ಹೊಸ ಮೂಗಿನ ಮೇಲೆ ಕೂದಲು ಬೆಳೆಯುತ್ತದೆ; ಅದನ್ನು ರೋಗಿಗೆ ಮೊದಲೇ ಹೇಳಬೇಕು.

ಬರ್ಗೆಟ್ ಮತ್ತು ಮೆನಿಕ್ 1985ರಲ್ಲಿ ಹೇಳಿದ ಸಬ್‌ಯೂನಿಟ್ ತತ್ವ ಚಿಕ್ಕದು. ಮೂಗಿನ ಮೇಲ್ಮೈ ಒಂಬತ್ತು ಭಾಗ; ಒಂದು ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಉಳಿದದ್ದನ್ನೂ ತೆಗೆದು ಇಡೀ ಭಾಗವನ್ನು ಹೊಸದಾಗಿ ಹಾಕಿ, ಹೊಲಿಗೆಯ ಗೆರೆ ಬೆಳಕು-ನೆರಳಿನ ಸಂಧಿಯಲ್ಲಿ ಮರೆಯಾಗುತ್ತದೆ. ಕ್ಯಾನ್ಸರ್ ಕಾರಣವಾಗಿದ್ದರೆ ಅಂಚುಗಳಲ್ಲಿ ರೋಗ ಉಳಿದಿಲ್ಲ ಎಂಬ ವರದಿ ಬರುವ ತನಕ ಇದ್ಯಾವುದಕ್ಕೂ ಕೈ ಹಾಕಬಾರದು.

ಎರಡು ಹಂತದಲ್ಲಿ ಮಾಡಿದರೆ ಸುಮಾರು ಮೂರು ವಾರಕ್ಕೆ ಪೆಡಿಕಲ್ ಕತ್ತರಿಸುತ್ತಾರೆ. ಅಷ್ಟರಲ್ಲಿ ಮೂಗಿನ ಕಡೆಯಿಂದ ಹೊಸ ನಾಳಗಳು ಫ್ಲ್ಯಾಪಿಗೆ ಸೇರಿರುತ್ತವೆ. ಮೂರು ಹಂತದ ಪದ್ಧತಿಯಲ್ಲಿ ಮೂರನೇ ವಾರ ಫ್ಲ್ಯಾಪ್ ಎಬ್ಬಿಸಿ ತೆಳುಮಾಡಿ, ಆರನೇ ವಾರ ಕತ್ತರಿಸುತ್ತಾರೆ. ಬೀಡಿ-ಸಿಗರೇಟು ಸೇದುವವರಲ್ಲಿ ಈ ಮೂರು ಹಂತವೇ ಸುರಕ್ಷಿತ, ನಿಕೋಟಿನ್ ನಾಳಗಳನ್ನು ಕುಗ್ಗಿಸುತ್ತದೆ.

ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿರುವವರಿಗೆ: ಫ್ಲ್ಯಾಪ್ ಬಿಳಚಿ, ತಣ್ಣಗಿದ್ದು, ಒತ್ತಿ ಬಿಟ್ಟಾಗ ಬಣ್ಣ ಮರಳದಿದ್ದರೆ ಆರ್ಟರಿಯ ತೊಂದರೆ. ನೀಲಿಗಟ್ಟಿ, ಊದಿ, ಬಣ್ಣ ಥಟ್ಟನೆ ಮರಳಿದರೆ ವೇನಿನ (ರಕ್ತ ಹಿಂದಕ್ಕೆ ಒಯ್ಯುವ ನಾಳ) ತೊಂದರೆ. ಎರಡರಲ್ಲೂ ಮೊದಲು ಡ್ರೆಸಿಂಗ್ ಬಿಚ್ಚಿ, ಬಿಗಿ ಹೊಲಿಗೆ ಇದೆಯೇ ನೋಡಿ, ಸೀನಿಯರ್‌ಗೆ ಫೋನ್ ಮಾಡಿ. ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ. ವೇನಿನ ತಡೆಗೆ ಜಿಗಣೆ ಬಳಸುವುದು ಇಂದಿಗೂ ಉಂಟು, ಆದರೆ ಅದರ ಹೊಟ್ಟೆಯ ಏರೋಮೊನಾಸ್ ಬ್ಯಾಕ್ಟೀರಿಯಾಗೆ ಆ್ಯಂಟಿಬಯಾಟಿಕ್ ಕೊಡುವುದನ್ನು ಮರೆಯಬಾರದು.

ಮನೆಯವರ ಎದುರು ಕೂತು ಇಷ್ಟನ್ನು ಬಿಡಿಸಿ ಹೇಳಿ: ಮೂರು ವಾರ (ಮೂರು ಹಂತದ ಪದ್ಧತಿಯಾದರೆ ಆರು ವಾರ) ಹುಬ್ಬಿನಿಂದ ಮೂಗಿಗೆ ಚರ್ಮದ ಸೇತುವೆ ಇರುತ್ತದೆ, ಮೊದಲ ಒಂದೆರಡು ದಿನ ಅದರ ಹಿಂಬದಿಯಿಂದ ರಕ್ತ ಜಿನುಗುತ್ತದೆ, ಕನ್ನಡಕ ಹಾಕಲಾಗದು. ಹಣೆಯ ಮೇಲ್ಭಾಗ ಮುಚ್ಚಲಾಗದೆ ತೆರೆದಿಟ್ಟರೂ ಹೆದರಬೇಕಿಲ್ಲ, ಕೆಲವು ವಾರಗಳಲ್ಲಿ ತಾನೇ ತುಂಬಿಕೊಳ್ಳುತ್ತದೆ. ಬೇರೆ ರೋಗಿಗಳ ಒಪ್ಪಿಗೆ ಪಡೆದ ಫೋಟೋಗಳಿದ್ದರೆ ಎಲ್ಲ ಹಂತಗಳದ್ದನ್ನು ತೋರಿಸಿ, ಬರೀ ಕೊನೆಯದನ್ನಲ್ಲ.