ಫ್ಲಶ್ ಆಗುತ್ತದೆ, ಸರಿ. ಬಿಡಿಬಿಡಿ ಆಗುತ್ತದಾ?

ಅಗಲ ಬಾಯಿಯ ಎರಡು ಬಾಟಲಿ ತಗೊಂಡು ಅರ್ಧದಷ್ಟು ನೀರು ತುಂಬಿ. ಒಂದಕ್ಕೆ ಟಾಯ್ಲೆಟ್ ಪೇಪರ್ ಹಾಕಿ, ಇನ್ನೊಂದಕ್ಕೆ ‘ಫ್ಲಶಬಲ್’, ಅಂದರೆ ಕಮೋಡಿಗೆ ಹಾಕಿ ಫ್ಲಶ್ ಮಾಡಬಹುದು ಎಂದು ಬರೆದಿರುವ ವೆಟ್ ವೈಪ್ (ಒರೆಸಿಕೊಳ್ಳುವ ಒದ್ದೆ ಹಾಳೆ) ಹಾಕಿ. ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ. ನೋಡನೋಡುತ್ತಲೇ ಪೇಪರ್ ಚೂರುಚೂರಾಗಿ ನೀರು ಬೆಳ್ಳಗಾಗುತ್ತದೆ. ವೈಪ್ ಮಾತ್ರ ಎಷ್ಟೋ ಸಲ ಬಟ್ಟೆ ತುಂಡಿನಂತೆ ಹಾಗೇ ತೇಲಾಡುತ್ತಿರುತ್ತದೆ. ನಿಮ್ಮ ಕೈ ಸೋತರೂ ಅದು ಸೋಲುವುದಿಲ್ಲ.

ಟಾಯ್ಲೆಟ್ ಪೇಪರ್ ಅಂದರೆ ಮರದ ತಿರುಳಿನ ಪುಟ್ಟ ಪುಟ್ಟ ನಾರುಗಳು. ಅವನ್ನು ಹಿಡಿದಿಡುವುದು ಮುಖ್ಯವಾಗಿ ಹೈಡ್ರೋಜನ್ ಬಂಧಗಳು, ಅಂದರೆ ಅಣುಗಳ ನಡುವಿನ ಮೆಲುವಾದ ಸೆಳೆತ. ನೀರು ಒಳಗೆ ನುಗ್ಗಿತೋ, ನಾರುಗಳು ಒಂದರ ಕೈ ಒಂದು ಬಿಟ್ಟು ನೀರಿನ ಕೈ ಹಿಡಿಯುತ್ತವೆ. ವೆಟ್ ವೈಪ್‌ಗೆ ಆ ಸೌಕರ್ಯವಿಲ್ಲ. ಅದು ಪ್ಯಾಕೆಟ್ ಒಳಗೆ ತಿಂಗಳುಗಟ್ಟಲೆ ನೆನೆದುಕೊಂಡೇ ಕೂತಿರಬೇಕು, ಎಳೆದು ತೆಗೆದಾಗ ಹರಿಯಬಾರದು, ಒರೆಸುವಾಗ ಬೆರಳು ತೂರಬಾರದು, ಇಷ್ಟೆಲ್ಲ ಆದಮೇಲೆ ಫ್ಲಶ್ ಮಾಡಿದ ಕೂಡಲೇ ಚೂರಾಗಿಬಿಡಬೇಕು! ತಯಾರಿಸುವವರ ಕಷ್ಟ ಸಣ್ಣದಲ್ಲ ಬಿಡಿ.

ಅದಕ್ಕೆ ಅವರು ಹುಡುಕಿರುವ ದಾರಿಗಳು ಮಜವಾಗಿವೆ. ವೈಪ್ ನೇಯ್ದ ಬಟ್ಟೆಯಲ್ಲ. ನಾರುಗಳನ್ನು ಹಾಸಿ, ಮೇಲಿಂದ ಜೋರಾಗಿ ಸೂಜಿಯಂಥ ನೀರಿನ ಧಾರೆ ಬಿಟ್ಟು, ಒಂದಕ್ಕೊಂದು ಸಿಕ್ಕುಹಾಕಿಸಿರುತ್ತಾರೆ. ಸಾಮಾನ್ಯ ವೈಪ್‌ನಲ್ಲಿ ಉದ್ದನೆಯ ನಾರು, ಬಹಳ ಸಲ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಫ್ಲಶಬಲ್‌ನಲ್ಲಿ ಮರದ ತಿರುಳಿನ ಜೊತೆ ಗಿಡ್ಡ ನಾರು ಬೆರೆಸಿ ಸಿಕ್ಕನ್ನು ಸಡಿಲವಾಗಿಡುತ್ತಾರೆ. ಉದ್ದ ಕೂದಲಿನ ಗಂಟು ಬಿಡಿಸುವುದಕ್ಕಿಂತ ಗಿಡ್ಡ ಕೂದಲಿನ ಗಂಟು ಬಿಡಿಸುವುದು ಸುಲಭ ಅಲ್ವಾ, ಅದೇ ಲೆಕ್ಕ. ಇನ್ನೊಂದು ದಾರಿ ಉಪ್ಪಿನದು. ಪ್ಯಾಕೆಟ್ಟಿನ ಉಪ್ಪು ದ್ರಾವಣದಲ್ಲಿ ಗಟ್ಟಿಯಾಗಿದ್ದು, ಉಪ್ಪು ಕಡಿಮೆ ಇರುವ ಕಮೋಡ್ ನೀರಿಗೆ ಬಿದ್ದಾಗ ಸಡಿಲವಾಗುವ ಅಂಟು ಹಾಕುತ್ತಾರೆ. ಜಾಣತನ ಅಂದರೆ ಇದು.

ಹಾಗಿದ್ದರೆ ತಕರಾರು ಎಲ್ಲಿ? ‘ಬಿಡಿಯಾಯಿತು’ ಅಂತ ಹೇಳುವುದು ಯಾವಾಗ ಎಂಬುದರಲ್ಲಿ. ವೈಪ್ಸ್ ಉದ್ಯಮದವರು 2018ರಲ್ಲಿ ತಂದ ಮಾರ್ಗಸೂಚಿಯಲ್ಲಿ ವೈಪನ್ನು ನೀರಿನ ಪೆಟ್ಟಿಗೆಯಲ್ಲಿ 60 ನಿಮಿಷ ತೂಗಾಡಿಸುತ್ತಾರೆ. 12.5 ಮಿಲಿಮೀಟರ್ ತೂತಿನ ಜರಡಿಯಲ್ಲಿ ಶೇ. 60ರಷ್ಟು ಇಳಿದರೆ ಪಾಸು. ಒಳಚರಂಡಿ ಕಡೆಯವರ ಅಂತರರಾಷ್ಟ್ರೀಯ ಗುಂಪು ಕೇಳುವುದೇ ಬೇರೆ. ಅವರು ಇನ್ನೂ ನಿಧಾನವಾಗಿ, ಬರೀ 30 ನಿಮಿಷ ತೂಗುತ್ತಾರೆ. ಜರಡಿಯ ತೂತು 25 ಮಿಲಿಮೀಟರ್, ಆದರೆ ಶೇ. 95 ಇಳಿಯಲೇಬೇಕು. ನನಗೆ ಎರಡನೆಯದೇ ನ್ಯಾಯ ಅನಿಸುತ್ತದೆ. ಪೈಪಿನಲ್ಲಿ ವೈಪನ್ನು ಒಂದು ಗಂಟೆ ಯಾರೂ ಕುಲುಕುವುದಿಲ್ಲ. ನೀರು ಎಷ್ಟೋ ಕಡೆ ಸುಮ್ನೆ ಮೆಲ್ಲಗೆ ಹರಿಯುತ್ತಿರುತ್ತದೆ. 2019ರಲ್ಲಿ ಟೊರೊಂಟೊದ ರಯರ್ಸನ್ ವಿಶ್ವವಿದ್ಯಾಲಯದವರು (ಈಗ ಅದಕ್ಕೆ ಬೇರೆ ಹೆಸರಿದೆ) 101 ಉತ್ಪನ್ನಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ 23ರ ಮೇಲೆ ‘ಫ್ಲಶಬಲ್’ ಎಂದಿತ್ತು. ಸ್ವಲ್ಪವಾದರೂ ಬಿಡಿಯಾದವು ಎರಡೇ ವೈಪ್. ಪೂರ್ತಿ ಪಾಸಾದ ವೈಪ್ ಒಂದೂ ಇರಲಿಲ್ಲ.

‘ಬಯೋಡಿಗ್ರೇಡಬಲ್’ ಪದವನ್ನೂ ಇಲ್ಲಿ ನಂಬಿಕೊಳ್ಳಬೇಡಿ. ಸೂಕ್ಷ್ಮಜೀವಿಗಳು ತಿಂದು ಮುಗಿಸುವುದಕ್ಕೆ ವಾರಗಳೋ ತಿಂಗಳುಗಳೋ ಬೇಕು. ಹತ್ತಿಯ ಬನಿಯನ್ನೂ ಕೊಳೆಯುತ್ತದೆ, ಹಾಗಂತ ಅದನ್ನು ಯಾರಾದರೂ ಫ್ಲಶ್ ಮಾಡುತ್ತಾರಾ? ವೈಪ್ ಒಳಚರಂಡಿಯ ಪಂಪಿನ ಹತ್ತಿರ ಬರುವುದಕ್ಕೆ ಕೆಲವೇ ಗಂಟೆ ಸಾಕಾಗಬಹುದು. ಅಲ್ಲಿ ವೈಪ್‌ಗಳು ಒಂದಕ್ಕೊಂದು ಹೊಸೆದುಕೊಂಡು ಹಗ್ಗವಾಗಿ ಪಂಪಿನ ರೆಕ್ಕೆಗೆ ಸುತ್ತಿಕೊಳ್ಳುತ್ತವೆ. ಕೊನೆಗೆ ಮನುಷ್ಯರೇ ಕೈಹಾಕಿ ಕಿತ್ತು ತೆಗೆಯಬೇಕಾಗುತ್ತದೆ.

ಇದಕ್ಕೆ ಅಡುಗೆಯ ಜಿಡ್ಡು ಸೇರಿದರಂತೂ ಮುಗಿಯಿತು. ಕೊಬ್ಬಿನ ಆಮ್ಲಗಳು ಕಾಂಕ್ರೀಟಿನಿಂದಲೋ ನೀರಿನಿಂದಲೋ ಬಂದ ಕ್ಯಾಲ್ಸಿಯಂ ಜೊತೆ ಕೂಡಿ ಗಟ್ಟಿ ಸೋಪಿನಂತಾಗುತ್ತವೆ. ವೈಪ್‌ಗಳು ಅದರೊಳಗೆ ಕಬ್ಬಿಣದ ಸರಳಿನ ಕೆಲಸ ಮಾಡುತ್ತವೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಕೆಳಗೆ ಸಿಕ್ಕಿದ ಅಂಥ ಮುದ್ದೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಅದರ ಒಂದು ತುಂಡನ್ನು ಆಮೇಲೆ ಮ್ಯೂಸಿಯಂನಲ್ಲಿ ಇಟ್ಟು ತೋರಿಸಿದರು!

ಅದೇ ಬ್ರಿಟನ್ನಿನ ನೀರು ಕಂಪನಿಗಳ ಒಕ್ಕೂಟ 2019ರಲ್ಲಿ, ಪರೀಕ್ಷೆ ಪಾಸಾದ ವೈಪ್‌ಗಳಿಗೆ ‘ಫೈನ್ ಟು ಫ್ಲಶ್’ ಎಂಬ ಗುರುತು ಕೊಡಲು ಶುರು ಮಾಡಿತ್ತು. 2024ರಲ್ಲಿ ಆ ಗುರುತನ್ನೇ ನಿಲ್ಲಿಸಿತು. ಈಗ ಅವರು ಹೇಳುವುದು ಇಷ್ಟೇ: ಯಾವ ವೈಪೇ ಇರಲಿ, ಕಸದ ಬುಟ್ಟಿಗೆ ಹಾಕಿ.