ಸಿಡಿ4 ಏರಿತು, ಕಣ್ಣು ಮಂಜಾಯಿತು: ಇಮ್ಯೂನ್ ರಿಕವರಿ ಯುವಿಯೈಟಿಸ್

ಎಚ್‌ಐವಿ ಮತ್ತು ಕಣ್ಣು ಅಂದರೆ ನಾವೆಲ್ಲ ಸಿಎಂವಿ ರೆಟಿನೈಟಿಸ್ (ಸೈಟೊಮೆಗಲೊವೈರಸ್ಸಿನಿಂದ ಕಣ್ಣಿನ ಹಿಂಪರದೆ ರೆಟಿನಾಗೆ ತಗಲುವ ಸೋಂಕು) ಓದಿ ಮುಗಿಸಿಬಿಡುತ್ತೇವೆ. ಅದರ ಹಿಂದೆಯೇ ಬರುವ ಇಮ್ಯೂನ್ ರಿಕವರಿ ಯುವಿಯೈಟಿಸ್, ಅಂದರೆ ರೋಗನಿರೋಧಕ ಶಕ್ತಿ ಮರಳಿದಾಗ ಕಣ್ಣೊಳಗೆ ಏಳುವ ಉರಿಯೂತ, ಅಪರೂಪ ಅಂತ ಬಿಟ್ಟುಹೋಗುತ್ತದೆ. ನನ್ನ ಪ್ರಕಾರ ಎರಡನ್ನೂ ಜೊತೆಗೇ ಓದಬೇಕು.

ಸೈಟೊಮೆಗಲೊವೈರಸ್ ಬಹಳಷ್ಟು ಜನರ ಮೈಯಲ್ಲಿ ಸುಮ್ನೆ ಬಿದ್ದಿರುತ್ತದೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸಿಡಿ4 ಕೋಶಗಳು (ಸೋಂಕಿನ ವಿರುದ್ಧ ಹೋರಾಟ ನಡೆಸುವ, ಎಚ್‌ಐವಿ ನಾಶಮಾಡುವ ಟಿ ಕೋಶಗಳು) 50ಕ್ಕಿಂತ ಕೆಳಗಿಳಿದಾಗ ಅದು ಎದ್ದು ರೆಟಿನಾಗೆ ಕೈ ಹಾಕುತ್ತದೆ. ರಕ್ತನಾಳಗಳ ಗುಂಟ ಬಿಳಿ ಕಲೆ, ನಡುನಡುವೆ ರಕ್ತ. (ಪಠ್ಯಪುಸ್ತಕಗಳು ಇದನ್ನು ಪಿಜ್ಜಾಕ್ಕೆ ಹೋಲಿಸುತ್ತವೆ. ಹಸಿದಾಗ ಓದಬೇಡಿ.) ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ. ಕಪ್ಪು ಚುಕ್ಕೆಗಳು ತೇಲುತ್ತವೆ, ಮಿಂಚು ಹೊಡೆಯುತ್ತದೆ, ಬದಿಯ ನೋಟ ಹೋಗುತ್ತದೆ. ಕೆಲವರಿಗೆ ಏನೂ ಗೊತ್ತೇ ಆಗುವುದಿಲ್ಲ. ರೆಟಿನಾ ಸಾಯುತ್ತಿದ್ದರೂ ಉರಿಯೂತ ಇಷ್ಟು ಕಡಿಮೆ ಯಾಕೆ? ಉರಿಯೂತ ಎಬ್ಬಿಸಬೇಕಾದ ಕೋಶಗಳೇ ಇಲ್ಲವಲ್ಲ!

1996ರ ಹೊತ್ತಿಗೆ ಎಚ್‌ಐವಿಯನ್ನು ಹತ್ತಿಕ್ಕಲು ಹಲವು ಔಷಧ ಸೇರಿಸಿ ಕೊಡುವ ಆಂಟಿರೆಟ್ರೊವೈರಲ್ ಚಿಕಿತ್ಸೆ, ಅಂದರೆ ಎಆರ್‌ಟಿ ಬಂತು. ಸಿಎಂವಿ ರೆಟಿನೈಟಿಸ್ ಎಷ್ಟು ಇಳಿಯಿತೆಂದರೆ, ಇದಕ್ಕೆಂದೇ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫೊಮಿವಿರ್ಸೆನ್, ಅಂದರೆ ಮೊಟ್ಟಮೊದಲ ಆಂಟಿಸೆನ್ಸ್ ಔಷಧ (ವೈರಸ್ಸಿನ ಜೀನ್ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುವಂಥದ್ದು), ಕೊಳ್ಳುವವರಿಲ್ಲದೆ ಮಾರುಕಟ್ಟೆಯಿಂದ ಹೋಯಿತು.

ಅದೇ ವರ್ಷಗಳಲ್ಲಿ ವೈದ್ಯರಿಗೆ ಹೊಸದೊಂದು ಕಂಡಿತು. ಸಿಡಿ4 ಏರಿದೆ, ರೆಟಿನಾದ ಹಳೆಯ ಗಾಯ ಒಣಗಿದೆ, ಆದರೂ ನೋಟ ಮಂಜು. ಒಳಗೆ ನೋಡಿದರೆ ವಿಟ್ರಿಯಸ್ (ಕಣ್ಣೊಳಗಿನ ಲೋಳೆ) ತುಂಬ ಉರಿಯೂತದ ಕೋಶಗಳು. ಚೇತರಿಸಿಕೊಂಡ ಟಿ ಕೋಶಗಳು ಗಾಯದಲ್ಲಿ ಉಳಿದ ವೈರಸ್ಸಿನ ಅಂಶಗಳ ಮೇಲೆ ತಡವಾಗಿ ಯುದ್ಧ ಸಾರಿರುತ್ತವೆ. ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬುವುದು, ಅದರ ಮೇಲೆ ತೆಳು ಪೊರೆ ಕಟ್ಟುವುದು, ಕಣ್ಣಿನ ಮಸೂರ ಮಂಜಾಗುವ ಕ್ಯಾಟರ‍್ಯಾಕ್ಟ್: ನೋಟ ಹೋಗುವುದು ಹೆಚ್ಚಾಗಿ ಇವುಗಳಿಂದ. ಗಾಯ ದೊಡ್ಡದಿದ್ದಷ್ಟೂ, ಮೊದಲು ಸಿಡೊಫೊವಿರ್ ಎಂಬ ಸಿಎಂವಿ ಔಷಧ ಕೊಟ್ಟಿದ್ದರೆ ಇನ್ನೂ, ಅಪಾಯ ಜಾಸ್ತಿ.

ಗುರುತಿಸಲು ದೊಡ್ಡ ಸುಳಿವು: ಇದು ಸಿಎಂವಿ ರೆಟಿನೈಟಿಸ್ ಬಂದಿದ್ದ ಕಣ್ಣಿಗೇ ಬರುತ್ತದೆ. ಹಳೆಯ ಗಾಯ ಇಲ್ಲದ ಕಣ್ಣಿನಲ್ಲಿ ಉರಿಯೂತ ಕಂಡರೆ ಬೇರೆ ಕಾರಣ ಹುಡುಕಿ. ಸಿಫಿಲಿಸ್, ಕ್ಷಯ, ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ, ಕ್ಷಯದಂಥ ಸೋಂಕಿಗೆ ಕೊಡುವ ರಿಫಾಬ್ಯುಟಿನ್ ಮಾತ್ರೆ, ಎಲ್ಲವನ್ನೂ ಕೇಳಿ. ಸಿಫಿಲಿಸ್ ಪರೀಕ್ಷೆಯನ್ನಂತೂ ಬಿಡಲೇಬಾರದು. ಅದಕ್ಕೆ ಬೇಕಾದದ್ದು ಪೆನಿಸಿಲಿನ್. ಪೆನಿಸಿಲಿನ್ ಇಲ್ಲದೆ, ಉರಿಯೂತ ಇಳಿಸಲು ಬರೀ ಸ್ಟಿರಾಯ್ಡ್ ಕೊಟ್ಟರೆ ಕಣ್ಣು ಕೆಡುತ್ತದೆ.

ಚಿಕಿತ್ಸೆಗೆ ಮುಂಚೆ ಗಾಯದ ಅಂಚು ನೋಡಬೇಕು. ಅಂಚು ಹಬ್ಬುತ್ತಿದ್ದರೆ ವೈರಸ್ ಇನ್ನೂ ಜೀವಂತ, ಅದನ್ನು ತಡೆಯುವ ಗ್ಯಾನ್‌ಸಿಕ್ಲೊವಿರ್ ಅಥವಾ ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಬೇಕು. ಅಂಚು ತಣ್ಣಗಿದ್ದರೆ ಕಣ್ಣಿನ ಸುತ್ತ ಅಥವಾ ಒಳಗೆ ಸ್ಟಿರಾಯ್ಡ್ ಇಂಜೆಕ್ಷನ್. ಮ್ಯಾಕ್ಯುಲಾದ ನೀರು ಕೆಲವರಲ್ಲಿ ಹಟ ಹಿಡಿದು ಉಳಿಯುತ್ತದೆ. ಮ್ಯಾಕ್ಯುಲಾ ಮೇಲಿನ ಪೊರೆಗೆ, ಕ್ಯಾಟರ‍್ಯಾಕ್ಟ್‌ಗೆ ಆಪರೇಷನ್ ಇದೆ.

ಎಆರ್‌ಟಿ ಮಾತ್ರ ನಿಲ್ಲಿಸುವಂತಿಲ್ಲ. ರೋಗಿ "ಮಾತ್ರೆ ಶುರುಮಾಡಿದ ಮೇಲೇ ಹೀಗಾಯ್ತು" ಅನ್ನುತ್ತಾರೆ, ಅದು ನಿಜವೂ ಹೌದು, ಅಲ್ವಾ? ಆದರೆ ಮಾತ್ರೆ ಬಿಟ್ಟರೆ ಸಿಡಿ4 ಮತ್ತೆ ಕುಸಿದು ವೈರಸ್ ಮರಳುತ್ತದೆ. ಭಾರತದಲ್ಲಿ 2004ರಿಂದ ಎಆರ್‌ಟಿ ಸರ್ಕಾರದಿಂದ ಉಚಿತ. ಎಆರ್‌ಟಿ ಕೇಂದ್ರಕ್ಕೆ ಸಿಡಿ4 50ಕ್ಕಿಂತ ಕಡಿಮೆ ಇಟ್ಟುಕೊಂಡು ಬಂದವರಿಗೆ, ಕಣ್ಣಿನ ದೂರು ಇಲ್ಲದಿದ್ದರೂ, ಪಾಪೆ ಅಗಲಿಸುವ ಹನಿ ಹಾಕಿ ರೆಟಿನಾ ನೋಡಿಸಿಬಿಡಬೇಕು.