ಗ್ರಾಹಕರು ಹೆಚ್ಚಿದಷ್ಟೂ ಬೆಳಕು ಕಡಿಮೆ

ಹುಬ್ಬಳ್ಳಿ–ಧಾರವಾಡದಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಸಂಸ್ಥೆಗಳಲ್ಲಿ ಹಲವು ಕೇಬಲ್ ಟಿವಿ ದಂಧೆಯಿಂದ ಬಂದವು. ಅವರಿಗೆ ಓಣಿ ಗೊತ್ತು, ಕಂಬ ಗೊತ್ತು, ತಿಂಗಳ ವಸೂಲಿಯೂ ಗೊತ್ತು. ಮೊದಲು ಎಳೆದ ತಾಮ್ರದ ತಂತಿ ನೂರು ಮೀಟರ್ ದಾಟುತ್ತಿರಲಿಲ್ಲ. ಆದ್ದರಿಂದ ಅಲ್ಲಲ್ಲಿ ಯಾರದೋ ಮಾಳಿಗೆಯ ಮೇಲೆ ಇಂಟರ್ನೆಟ್ ಹಂಚುವ ಒಂದು ಸ್ವಿಚ್ ಪೆಟ್ಟಿಗೆ, ಅದಕ್ಕೆ ಅದೇ ಮನೆಯ ಕರೆಂಟು. ಮನೆಯವರು ಮೇನ್ ಆಫ್ ಮಾಡಿ ಊರಿಗೆ ಹೊರಟರೆ ಓಣಿಯ ಇಂಟರ್ನೆಟ್ಟೂ ಅವರೊಂದಿಗೆ ಹೊರಡುತ್ತಿತ್ತು. ಮೇ ತಿಂಗಳ ಸಿಡಿಲು ಎಷ್ಟು ಸ್ವಿಚ್ ಸುಟ್ಟಿತೆಂದು ಲೆಕ್ಕವಿಟ್ಟವರಿಲ್ಲ.

ಈ ಗೋಳು ತಪ್ಪಿಸಿದ್ದು ಜಿಪಾನ್ ಎಂಬ ಫೈಬರ್ ವ್ಯವಸ್ಥೆ. ಕಚೇರಿಯಲ್ಲಿ ಒಎಲ್‌ಟಿ ಎಂಬ ಬೆಳಕು ಕಳಿಸುವ ಯಂತ್ರವಿರುತ್ತದೆ. ಅದರ ಒಂದು ಪೋರ್ಟಿನಿಂದ ಫೈಬರಿನ ಒಂದೇ ಎಳೆ ಹೊರಡುತ್ತದೆ. ಕಂಬದ ಮೇಲಿನ ಸ್ಪ್ಲಿಟರ್ ಕರೆಂಟಿಲ್ಲದೆ ಬೆಳಕನ್ನು ಹಂಚುತ್ತದೆ. ಸುಮಾರು 2.5 ಜಿಬಿಪಿಎಸ್‌ನ ಆ ಪೋರ್ಟನ್ನು ಸಾಮಾನ್ಯವಾಗಿ 32 ಇಲ್ಲವೆ 64 ಮನೆಗಳು ಹಂಚಿಕೊಳ್ಳುತ್ತವೆ.

ಹಂಚಿದ ಬೆಳಕು ಕುಗ್ಗುತ್ತದೆ. ಆ ನಷ್ಟವನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಬಿ ಪ್ಲಸ್ ದರ್ಜೆಯ ಉಪಕರಣಕ್ಕೆ ದಾರಿಯುದ್ದಕ್ಕೂ ಕಳೆದುಕೊಳ್ಳಲು 28 ಡೆಸಿಬೆಲ್ ಮಿತಿ. ಒಂದನ್ನು ಎಂಟು ಮಾಡುವ ಸ್ಪ್ಲಿಟರ್ ಹತ್ತೂವರೆಯಷ್ಟು ನುಂಗುತ್ತದೆ. ಅಂಥ ಎರಡನ್ನು ಒಂದರ ಹಿಂದೊಂದು ಹಾಕಿ 64 ಮನೆಗೆ ಕೊಟ್ಟರೆ 21 ಹೋಯಿತು. ಉಳಿದ ಏಳರಲ್ಲಿ ಫೈಬರಿನ ದೂರ, ಕನೆಕ್ಟರ್, ಬೆಸುಗೆ ಎಲ್ಲವೂ ಹಿಡಿಯಬೇಕು. ಹೊಸ ಗ್ರಾಹಕರು ಬಂದಾಗ ಹೊಸ ಪೋರ್ಟ್ ತೆರೆಯುವ ಬದಲು ಇದ್ದ ಕಂಬದಲ್ಲೇ ಇನ್ನೊಂದು ಸಣ್ಣ ಸ್ಪ್ಲಿಟರ್ ತೂರಿಸುವ ಚಾಳಿ ಈ ವೃತ್ತಿಯಲ್ಲಿದೆ. ಒಂದನ್ನು ಎರಡು ಮಾಡುವುದೂ ಮೂರೂವರೆ ಡೆಸಿಬೆಲ್ ತಿನ್ನುತ್ತದೆ. ಅಂದು ಎಲ್ಲರ ಮನೆಯ ಮೋಡೆಮ್‌ನಲ್ಲೂ ಹಸಿರು ದೀಪವೇ ಉರಿಯುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಪೆಟ್ಟು ಗೊತ್ತಾಗುವುದು ರಸ್ತೆ ಅಗೆದಾಗ. ಬಿಆರ್‌ಟಿಎಸ್ ಬಸ್ ಪಥ, ಸ್ಮಾರ್ಟ್ ಸಿಟಿ, ನೀರಿನ ಕೊಳವೆ ಎಂದು ಅವಳಿ ನಗರದ ನೆಲ ಎಷ್ಟು ಬಾರಿ ಬಾಯಿ ತೆರೆದಿದೆ ಎಂಬುದು ಇಲ್ಲಿಯವರಿಗೆ ಹೇಳಬೇಕಾದ್ದಲ್ಲ. ಜೆಸಿಬಿ ಹರಿದ ಕೇಬಲ್ಲಿಗೆ ಉದ್ದ ಸಾಲದು, ನಡುವೆ ತುಂಡು ಸೇರಿಸಬೇಕು. ಒಂದು ಕಡೆ ಹರಿದರೆ ಎರಡು ಬೆಸುಗೆ. ಸಮಾಧಾನದಿಂದ ಮಾಡಿದ ಬೆಸುಗೆ 0.1 ಡೆಸಿಬೆಲ್ ಕೂಡ ಕೇಳದು. ಮಳೆಯಲ್ಲಿ, ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿರುವಾಗ ಮಾಡಿದ ಬೆಸುಗೆಯ ಮಾತು ಬೇರೆ. ನವಲಗುಂದ, ಅಣ್ಣಿಗೇರಿ ಕಡೆ ಎರೆಮಣ್ಣಿನ ಕಾಟವೂ ಸೇರುತ್ತದೆ: ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದಲ್ಲಿ ಕಂಬ ವಾಲುತ್ತದೆ, ಕೇಬಲ್ ಜಗ್ಗುತ್ತದೆ. ಕೊನೆಯ ಮನೆಯ ದೀಪ ಕೆಂಪಾಗುತ್ತದೆ.

ದೀಪ ಹಸಿರಿದ್ದೂ ವೇಗ ಸತ್ತರೆ ಅದು ಬೇರೆ ರೋಗ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೋಣೆಗಳಲ್ಲಿ ರಾತ್ರಿ ಎಲ್ಲರೂ ಒಟ್ಟಿಗೆ ವಿಡಿಯೊ ತೆರೆಯುತ್ತಾರೆ. ಪಾಠವೋ ಕ್ರಿಕೆಟ್ಟೋ ನಾನು ಕೇಳುವುದಿಲ್ಲ. 64 ಮನೆಗೆ ತಲಾ 100 ಎಂಬಿಪಿಎಸ್ ಮಾರಿದರೆ 6,400 ಆಯಿತು, ಪೋರ್ಟಿನಲ್ಲಿರುವುದು 2,500. ಇದು ಮೋಸವಲ್ಲ, ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ತಿ ಬಳಸುವುದಿಲ್ಲ ಎಂಬ ಎಣಿಕೆಯ ಮೇಲೆಯೇ ಈ ವ್ಯಾಪಾರ ಎಲ್ಲೆಡೆ ನಿಂತಿದೆ. ಗ್ರಾಹಕರು ಇಮ್ಮಡಿಯಾದರೂ ಸಂಸ್ಥೆ ಬೆಂಗಳೂರಿನಿಂದ ಸಗಟಾಗಿ ಕೊಂಡು ತರುವ ಬ್ಯಾಂಡ್‌ವಿಡ್ತ್ ಹಿಗ್ಗದಿದ್ದರೆ ಅದನ್ನು ಮೋಸವೆಂದೇ ಕರೆಯುತ್ತೇನೆ. ಮಾಲೀಕರ ಇಕ್ಕಟ್ಟೂ ನಿಜ: 2016ರಲ್ಲಿ ಜಿಯೊ ಬಂದ ಮೇಲೆ ಡೇಟಾಕ್ಕೆ ಹೆಚ್ಚು ಹಣ ಕೊಡುವ ಅಭ್ಯಾಸವೇ ಜನರಿಗೆ ತಪ್ಪಿದೆ. ಒಂದು ಹರಿದರೆ ಇನ್ನೊಂದಿರಲಿ ಎಂದು ಬೆಂಗಳೂರಿಗೆ ಎರಡನೆಯ ಸಂಪರ್ಕ ಕೊಂಡ ಮಾಲೀಕರೂ ಒಮ್ಮೊಮ್ಮೆ ಬೇಸ್ತು ಬೀಳುತ್ತಾರೆ. ಇಬ್ಬರು ಮಾರಾಟಗಾರರ ಕೇಬಲ್ ಹೆದ್ದಾರಿ ಪಕ್ಕ ಅಗೆದ ಒಂದೇ ಕಾಲುವೆಯಲ್ಲಿ ಮಲಗಿದ್ದರೆ ಎರಡೂ ಒಟ್ಟಿಗೇ ತುಂಡಾಗುತ್ತವೆ.

ಸಂಪರ್ಕ ಹಾಕಲು ಬಂದ ಹುಡುಗನಿಗೆ ಬೆಳಕಿನ ಬಲ ಅಳೆಯುವ ಪವರ್ ಮೀಟರಿನ ಅಂಕಿ ತೋರಿಸಲು ಹೇಳಿ. ಮೈನಸ್ 20ರ ಆಸುಪಾಸಿದ್ದರೆ ಚೆನ್ನ. ಮೈನಸ್ 26, 27 ಎಂದರೆ ಬೆಳಕು ತೀರ ಕಡಿಮೆ, ಬೇರೆ ಪೋರ್ಟಿನಿಂದ ಕೊಡಿ ಎಂದು ಕೇಳಿ. ಆಗುವುದಿಲ್ಲ ಎಂದರೆ ವರ್ಷದ ಹಣವನ್ನು ಒಟ್ಟಿಗೆ ಕಟ್ಟಬೇಡಿ.